ಬಾವುಟ ನೆಟ್ಟ ಕಣ

ನಾನು ಗಾಲ್ಫ್ ಆಡುತ್ತೇನೆ ಎಂದರೆ ರಾಮನಗರದ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಚಪ್ಪಲಿ ನೋಡುತ್ತಾರೆ. ಎರಡರಲ್ಲೂ ಗಾಲ್ಫಿನ ಲಕ್ಷಣ ಇಲ್ಲ. ನಾನು ರೇಷ್ಮೆ ಇಲಾಖೆಯಲ್ಲಿದ್ದವನು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತೂ ನಿಂತೂ ಬಟ್ಟೆಗೆಲ್ಲ ಹುಳುವಿನ ವಾಸನೆ ಹತ್ತಿಸಿಕೊಂಡು ಮನೆಗೆ ಬರುತ್ತಿದ್ದವನು. ನಮ್ಮೂರಿಂದ ಮಾಗಡಿ ಕಡೆಗೆ ಹೋಗುವಾಗ, ಬಂಡೆಗಳ ಮಗ್ಗುಲಲ್ಲಿ, ಒಂದು ಹಳೇ ಖಾಸಗಿ ಕ್ಲಬ್ಬಿದೆ. ಈ ಸೀಮೆಗೆ ಕೆಲಸಕ್ಕೆ ಬಂದ ಸರ್ಕಾರಿ ಅಧಿಕಾರಿಗಳಲ್ಲಿ ಕೆಲವರನ್ನು ಸದಸ್ಯರಾಗಿ ಸೇರಿಸಿಕೊಳ್ಳುವುದು ಅದನ್ನು ಕಟ್ಟಿದವರು ಇಟ್ಟುಕೊಂಡಿದ್ದ ಪದ್ಧತಿ. ಆ ಬಾಗಿಲಿಂದ ನಾನೂ ಒಳಗೆ ನುಗ್ಗಿದೆ. ನಿವೃತ್ತನಾದ ಮೇಲೆ ಯಾರೂ ಹೊರಗೆ ಹೋಗು ಅನ್ನಲಿಲ್ಲ, ಹೋಗಬೇಕೇ ಎಂದು ನಾನೂ ಕೇಳಲಿಲ್ಲ.

ಆಟದಲ್ಲಿ ನಾನು ಅಷ್ಟಕ್ಕಷ್ಟೇ. ನಾನೊಂದು ಕಡೆ ಹೊಡೆದರೆ ಚೆಂಡು ಇನ್ನೊಂದು ಕಡೆಗೆ ಹೋಗುತ್ತದೆ. ಮನೆಗೆ ಬಂದು ಗಾಳಿ ಸರಿಯಿರಲಿಲ್ಲ, ಹುಲ್ಲು ಒದ್ದೆಯಿತ್ತು ಎಂದು ಹೇಳಿಕೊಂಡರೆ ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ‘ಕುಣೀಲಾರ್ದವ್ಳು ನೆಲ ಡೊಂಕು ಅಂದ್ಲಂತೆ’ ಎನ್ನುತ್ತಿದ್ದಳು. ಅವಳು ಕುದೂರಿನ ಹತ್ತಿರದ ಬೇಸಾಯದ ಮನೆಯ ಹೆಣ್ಣುಮಗಳು. ಕ್ಲಬ್ಬಿನ ಬಯಲನ್ನು ರಸ್ತೆಯಿಂದ ಒಮ್ಮೆ ನೋಡಿ, ‘ಇಷ್ಟೊಂದು ಭೂಮಿ ಮಡಿಕ್ಕಂಡು ಒಂದ್ ಸೇರು ರಾಗಿ ಬೆಳೆಯಕಿಲ್ವಲ್ಲ, ಇವ್ರಿಗೇನು ಬಂದೈತೆ’ ಎಂದು ನಿಜವಾಗಿಯೂ ನೊಂದುಕೊಂಡಿದ್ದಳು. ಆಮೇಲೆ ಬಹಳ ವರ್ಷ ಆ ಕಡೆ ತಲೆ ಹಾಕಲಿಲ್ಲ.

ಆದರೆ ನನಗೆ ಆ ಬಯಲೆಂದರೆ ಪ್ರೀತಿ. ಸ್ವಾತಂತ್ರ್ಯ ಬಂದು ಇನ್ನೂ ಹೆಚ್ಚು ವರ್ಷ ಕಳೆದಿರದಿದ್ದ ಕಾಲದಲ್ಲಿ ಅದರ ನಕ್ಷೆ ಬರೆದವರು ಕೆರೆ ಏರಿ, ತೂಬು ಕಟ್ಟಿಸಿ ಪಳಗಿದ್ದ ಒಬ್ಬ ಎಂಜಿನಿಯರಂತೆ. ನಕ್ಷೆ ಈಗಲೂ ಕ್ಲಬ್ಬಿನ ಗೋಡೆಯ ಮೇಲೆ ಗಾಜಿನೊಳಗೆ ಹಳದಿ ತಿರುಗಿ ಕೂತಿದೆ. ಅವರ ಕೈಯಲ್ಲಿ ಮಣ್ಣು ಅಗೆಯುವ ಯಂತ್ರ ಇರಲಿಲ್ಲ. ಎತ್ತುಗಳಿದ್ದವು, ಕೂಲಿಯ ಜನ ಇದ್ದರು. ಹಾಗಾಗಿ ಅವರು ನೆಲದ ಜೊತೆ ಜಗಳಕ್ಕೆ ಹೋಗಲಿಲ್ಲ. ಬಂಡೆ ಇದ್ದಲ್ಲಿ ಆಟದ ದಾರಿಯನ್ನು ಬಳಸಿ ಒಯ್ದರು, ಹಳ್ಳ ಇದ್ದಲ್ಲಿ ಚೆಂಡು ಹಾರಲಿ ಎಂದು ಬಿಟ್ಟರು, ಆಲದ ಮರವೊಂದನ್ನು ದಾರಿಯ ಮಧ್ಯೆಯೇ ಉಳಿಸಿದರು. ಇವತ್ತಿನ ಹೊಸ ಕೋರ್ಸುಗಳಲ್ಲಿ ಒಂದು ಗುಳಿಯಿಂದ ಇನ್ನೊಂದಕ್ಕೆ ಹೋಗಲು ಬ್ಯಾಟರಿ ಗಾಡಿ ಬೇಕು. ನಮ್ಮಲ್ಲಿ ಒಂದು ಗುಳಿಗೆ ಚೆಂಡು ಬೀಳಿಸಿ ತಲೆ ಎತ್ತಿದರೆ ಮುಂದಿನ ಆಟ ಶುರುವಾಗುವ ಕಟ್ಟೆ ಅಲ್ಲೇ ಕಾಣುತ್ತದೆ. ಮೂರನೆಯ ಗುಳಿಯ ದಾರಿಯಂತೂ ಬಂಡೆಯನ್ನು ಸುತ್ತಿ ಬಂದು ಕ್ಲಬ್ಬಿನ ಜಗಲಿಯ ಹಿಂದೆಯೇ ಮುಗಿಯುತ್ತದೆ. ದಣಿದವನು ಅಲ್ಲೇ ಆಟ ಬಿಟ್ಟು ಕಾಫಿಗೆ ಹೋಗಲಿ ಎಂದೇ ಆ ಮಹಾರಾಯ ಹಾಗೆ ಮಡಿಸಿದ್ದಾನೆ ಎಂದು ನನ್ನ ನಂಬಿಕೆ. ಕಾಲ್ನಡಿಗೆಯವರ ಕಷ್ಟ ಗೊತ್ತಿದ್ದ ಮನುಷ್ಯ.

ಇನ್ನೊಂದು ವಿಷಯ ಹೇಳಬೇಕು. ಆ ಕಾಲದಲ್ಲಿ ಗುಳಿಯ ಸುತ್ತ ನುಣುಪು ಹುಲ್ಲು ಬೆಳೆಸುವಷ್ಟು ನೀರಿರಲಿಲ್ಲ. ಅದಕ್ಕೆ ಮರಳಿಗೆ ಎಣ್ಣೆ ಕಲಸಿ, ದುಂಡಗೆ ಹರಡಿ, ತಟ್ಟಿ, ಚೆಂಡು ಉರುಳುವಷ್ಟು ನಯ ಮಾಡುತ್ತಿದ್ದರು. ಹುಲ್ಲಿನದು ಗ್ರೀನ್ ಆದರೆ ಈ ಮರಳಿನದು ಬ್ರೌನ್. ಅದರ ಮೇಲೆ ಆಡಿ ಮುಗಿಸಿದವರು ಉದ್ದ ಹಿಡಿಯ ಹಲಗೆಯೊಂದನ್ನು ಎಳೆದು ತಮ್ಮ ಹೆಜ್ಜೆ ಅಳಿಸಿ ಹಿಂದೆ ಬರುವವರಿಗೆ ಬಿಟ್ಟುಕೊಡಬೇಕು. ಬೋರ್‌ವೆಲ್ ಬಂದ ಮೇಲೆ ಒಂದೊಂದಾಗಿ ಎಲ್ಲ ಹುಲ್ಲಾದವು. ಮೂರನೆಯದೊಂದು ಮಾತ್ರ ಹಳೇ ಬ್ರೌನ್ ಆಗಿ ಉಳಿದಿತ್ತು.

ಎರಡು ವರ್ಷದ ಹಿಂದೆ, ಮುಂಗಾರು ಶುರುವಾದ ಹೊಸತರಲ್ಲಿ, ಒಂದು ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿಯ ಬಲಗೈ ತಟ್ಟುವುದನ್ನು ನಿಲ್ಲಿಸಿತು. ‘ಕೈ ಯಾಕೋ ಮಾತು ಕೇಳ್ತಿಲ್ಲ ಕಣ್ರೀ’ ಎಂದಳು. ನಾನು ಪೇಪರ್ ಮಡಿಸಿ ಏಳುವುದರೊಳಗೆ ಕಾಲೂ ಕೇಳಲಿಲ್ಲ, ಗೋಡೆಗೆ ಒರಗಿಕೊಂಡು ಹಾಗೇ ಕುಸಿದಳು. ಬೇಗ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು, ಬಾಯಿ ಉಳಿಯಿತು. ಬಾಯಂತೂ ಮೊದಲಿಗಿಂತ ಚುರುಕಾಯಿತು. ಆದರೆ ಬಲಗೈಯ ಹಿಡಿತ ಹೋಯಿತು, ಬಲಗಾಲು ಎಳೆಯತೊಡಗಿತು.

ಹಾಸನದಿಂದ ಬಂದ ಮಗಳು ಒಂದಷ್ಟು ದಿನ ಇದ್ದು ನೋಡಿಕೊಂಡು ಹೋದಳು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋ ಹುಡುಗಿ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು: ‘ಟೈಲ್ಸ್ ಮೇಲೆ ನಡೆದ್ರೆ ಸಾಲ್ದು ಸರ್, ಅಮ್ಮನ್ನ ಹೊರಗೆ ಮಣ್ಣಿನ ಮೇಲೆ ನಡೆಸಿ. ಬರೋದೆಲ್ಲ ಈ ಮೊದಲ ತಿಂಗಳುಗಳಲ್ಲೇ ಬರ್ಬೇಕು.’ ಹೊರಗೆ ಅನ್ನುವ ಮಾತೇ ನನ್ನ ಹೆಂಡತಿಗೆ ಆಗುತ್ತಿರಲಿಲ್ಲ. ಒಂದೇ ಒಂದು ಸಲ ಬೀದಿಗೆ ಇಳಿದಿದ್ದಳು. ಎದುರು ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ‘ಅಯ್ಯೋ ಪಾಪ, ಎಂಗಿದ್ದೋರು ಎಂಗಾಗ್ಬುಟ್ರಿ’ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆಕೆ ಒಳ್ಳೆಯವಳೇ. ಆದರೆ ಇವಳು ಅಲ್ಲಿಂದಲೇ ತಿರುಗಿ ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಆಮೇಲೆ ಅವಳ ನಡಿಗೆಯೆಲ್ಲ ನಡುಮನೆಯ ಗೋಡೆ ಹಿಡಿದುಕೊಂಡೇ. ಆ ಗೋಡೆಯಲ್ಲಿ ಅವಳ ಅಂಗೈ ತಾಗಿದ ಉದ್ದಕ್ಕೂ ಎಣ್ಣೆಗಪ್ಪು ಪಟ್ಟೆಯೊಂದು ಮೂಡಿತು.

ಅಷ್ಟರಲ್ಲಿ ಕುದೂರಿಂದ ಅವಳ ತಮ್ಮ ಬಂದ. ಅವನ ಮಗಳ ಮದುವೆ ಗೊತ್ತಾಗಿತ್ತು, ಬೇಸಿಗೆಗೆ. ‘ಸೋದರತ್ತೆ ನೀನೇ ಮುಂದೆ ನಿಂತ್ಕೊಂಡು ನಡೆಸ್ಬೇಕು ಅಕ್ಕಯ್ಯ’ ಎಂದ. ಅವನಿಗೆ ಊಟ ಬಡಿಸಿ ಕಳಿಸಿದ ಮೇಲೆ ಇವಳು ನನಗೆ ಹೇಳಿದಳು:

‘ನಾನು ಬರಕಿಲ್ಲ. ನೀವು ಹೋಗಿ ಮುಯ್ಯಿ ಕೊಟ್ಟು ಬನ್ನಿ.’

‘ಯಾಕೇ?’

‘ಬಂದೋರೆಲ್ಲ ಹೆಣ್ಣು ನೋಡೋದು ಬುಟ್ಟು ನನ್ ಕಾಲ್ ನೋಡ್ತಾರೆ.’

ಮದುವೆ ನನಗೆ ದೊಡ್ಡದಾಗಿ ಕಾಣಲಿಲ್ಲ. ಅವಳಿಲ್ಲದಿದ್ದರೂ ಆ ಹುಡುಗಿಗೆ ತಾಳಿ ಬೀಳುತ್ತಿತ್ತು. ನನಗೆ ಭಯವಾದದ್ದು ಬೇರೆ. ಸಂತೆಗೆ ಹೋದರೆ ಅರ್ಧ ಸಂತೆಯನ್ನು ಮಾತಾಡಿಸಿಕೊಂಡು ಬರುತ್ತಿದ್ದವಳು ಈಗ ಕಾಲಿಂಗ್ ಬೆಲ್ ಸದ್ದಾದರೆ ಕೋಣೆಗೆ ಹೋಗುತ್ತಿದ್ದಳು. ತವರಿಗೂ ಹೋಗಲಾರೆ ಎಂದವಳು ಇನ್ನು ಎಲ್ಲಿಗೂ ಹೋಗುವುದಿಲ್ಲ, ಆ ಗೋಡೆಯ ಪಟ್ಟೆಯ ಉದ್ದವೇ ಇನ್ನು ಅವಳ ಊರು ಎಂದು ಅನ್ನಿಸತೊಡಗಿತು. ಅವಳು ಹೇಗಾದರೂ ಮಾಡಿ ಹೊರಗೆ ಬರಬೇಕಿತ್ತು.

ಯಾರೂ ನೋಡದ ಮಣ್ಣು ಎಲ್ಲಿದೆ ಎಂದು ಯೋಚಿಸುವಾಗ ಕ್ಲಬ್ಬು ನೆನಪಾಯಿತು. ಬೆಳಗಿನ ಹೊತ್ತು ಮೊದಲ ಆಟಗಾರರು ಮೂರನೆಯ ಗುಳಿಗೆ ಬರುವ ತನಕ ಅಲ್ಲಿ ನವಿಲು ಬಿಟ್ಟರೆ ಯಾರೂ ಇರುವುದಿಲ್ಲ. ಆದರೆ ನಮ್ಮ ಕ್ಲಬ್ಬಿಗೆ ನಿಯಮಗಳ ಹುಚ್ಚು. ಆಟದ ಕೋಲು ಕೈಯಲ್ಲಿಲ್ಲದವರು ಕೋರ್ಸಿಗೆ ಇಳಿಯಕೂಡದು ಎಂದು ಬೋರ್ಡೇ ಇದೆ. ಈ ನಿಯಮಗಳನ್ನೆಲ್ಲ ಕಾಯುತ್ತಿದ್ದವರು ಕನಕಪುರದ ಒಬ್ಬ ವಯಸ್ಸಾದ ವಕೀಲರು. ಅಂಗಿಗೆ ಕಾಲರ್ ಇಲ್ಲದವರನ್ನು ಗೇಟಿಂದಲೇ ವಾಪಸ್ಸು ಕಳಿಸಿದ ಖ್ಯಾತಿ ಅವರದು. ಅಳುಕುತ್ತಲೇ ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

‘ಕೋಲು ಹಿಡಿದಿರಬೇಕು ಅಂತಿದೆ. ಹೊಡೀಬೇಕು ಅಂತ ಎಲ್ಲೂ ಇಲ್ಲವಲ್ಲ. ಕ್ಯಾನ್ವಾಸ್ ಶೂ ಹಾಕಿಸಿ. ಆಟಗಾರರು ಬರೋ ಮೊದಲು ಮುಗಿಸಿಕೊಳ್ಳಿ.’

ಹಾಗೆ ನನ್ನ ಹೆಂಡತಿಗೆ ಪಟರ್ ಸಿಕ್ಕಿತು. ಪಟರ್ ಅಂದರೆ ಕೊನೆಯಲ್ಲಿ ಚೆಂಡನ್ನು ಮೆಲ್ಲಗೆ ಗುಳಿಗೆ ತಳ್ಳುವ ಗಿಡ್ಡ ಕೋಲು. ತಲೆಕೆಳಗು ಮಾಡಿ ಹಿಡಿದರೆ ಅದರ ಕಬ್ಬಿಣದ ತಲೆ ಅಂಗೈಗೆ ಸರಿಯಾಗಿ ಕೂರುತ್ತದೆ. ಊರುಗೋಲು ಬೇಡವೇ ಬೇಡ ಎಂದು ಹಟ ಹಿಡಿದಿದ್ದವಳು ಇದನ್ನು ಎಡಗೈಯಲ್ಲಿ ತಿರುಗಿಸಿ ನೋಡಿ, ‘ಇದೇನೋ ಸಾಹುಕಾರ್ರ ದೊಣ್ಣೆ, ಪರ್ವಾಗಿಲ್ಲ’ ಎಂದು ಒಪ್ಪಿದಳು. ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಹಳೇ ಕಾರನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿ, ಬೀದಿಯವರ ಕಣ್ಣಿಗೆ ಬೀಳದ ಹಾಗೆ ಅವಳನ್ನು ಹತ್ತಿಸಿಕೊಂಡು ಹೊರಟೆ. ಯಾರದೋ ಮನೆಯ ಹುಡುಗಿಯನ್ನು ಓಡಿಸಿಕೊಂಡು ಹೋಗುವವನ ಹಾಗೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಜಗಲಿಯ ಹಿಂದೆ ಇಳಿದು, ನನ್ನ ತೋಳಿಗೆ ಒರಗಿಕೊಂಡು, ಪಟರ್ ಊರಿಕೊಂಡು ಮೂರನೆಯ ಬ್ರೌನಿನ ಅಂಚಿಗೆ ಬಂದಳು. ಬಂದವಳು ನಿಂತುಬಿಟ್ಟಳು. ಹಿಂದಿನ ಸಂಜೆಯೇ ಹಲಗೆ ಎಳೆದು ಬಿಟ್ಟಿದ್ದ ಬ್ರೌನ್ ದುಂಡಗೆ, ನುಣ್ಣಗೆ, ಒಂದು ಹೆಜ್ಜೆಯೂ ಇಲ್ಲದೆ ಇತ್ತು. ನಡುವೆ ಗುಳಿಯಲ್ಲಿ ನೆಟ್ಟ ಬಾವುಟದ ಕೋಲು.

‘ರೀ, ಇದು ಕಣ ಅಲ್ವಾ!’

‘ಇದು ಬ್ರೌನು ಕಣೇ. ಇಲ್ಲಿ...’

‘ಏನ್ ಬ್ರೌನೋ. ಮೇಟಿ ನೆಟ್ಟವ್ರೆ ನೋಡಿ ನಡುವ್ಕೆ. ಮೇಟಿಗ್ಯಾಕೆ ಬಾವುಟ ಕಟ್ಟವ್ರೆ?’

ಇಷ್ಟು ವರ್ಷ ಅದರ ಮೇಲೆ ಆಡಿದ ನನಗೆ ಅದು ಹೊಳೆದಿರಲಿಲ್ಲ. ನಿಜಕ್ಕೂ ಕಣವೇ. ಸುಗ್ಗಿಯಲ್ಲಿ ಹೊಲದ ಮೂಲೆಯನ್ನು ದುಂಡಗೆ ಕೆತ್ತಿ, ನೀರು ಹಾಕಿ ಗಟ್ಟಿ ಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು ಎತ್ತುಗಳನ್ನು ಸುತ್ತಿಸಿ ರಾಗಿ ತುಳಿಸುತ್ತಿದ್ದರಲ್ಲ, ಅದೇ. ಈಗ ಕಣ ಮಾಡುವವರು ಎಲ್ಲಿದ್ದಾರೆ? ತೆನೆಯನ್ನು ಟಾರು ರಸ್ತೆಗೆ ಹಾಸಿ ಬಸ್ಸು ಲಾರಿಗಳ ಕೈಲಿ ತುಳಿಸುತ್ತಾರೆ, ಇಲ್ಲವೇ ಮೆಷಿನ್ನಿಗೆ ಕೊಡುತ್ತಾರೆ. ನನ್ನ ಹೆಂಡತಿ ಕಣ ನೋಡಿ ಎಷ್ಟು ವರ್ಷವಾಗಿತ್ತೋ, ಅವಳ ಮುಖ ಅರಳಿತು.

‘ಶೂ ಬಿಚ್ಚಿ’ ಎಂದಳು.

‘ಶೂ ಹಾಕಿರಲೇಬೇಕು, ನಿಯಮ.’

‘ಕಣಕ್ಕೆ ಮೆಟ್ಟು ಹಾಕ್ಕೊಂಡು ಯಾರಾರ ಹತ್ತುತಾರಾ? ನಿಮ್ಮವ್ವ ಇದ್ದಿದ್ರೆ ಕೆನ್ನೆಗೆ ಬುಡೋರು. ಬಿಚ್ಚಿ ಅಂದ್ರೆ.’

ಮೊಣಕಾಲೂರಿ ಅವಳ ಲೇಸು ಬಿಚ್ಚಿದೆ. ನನ್ನ ಶೂಗಳನ್ನೂ ಬಿಚ್ಚಿಸಿದಳು. ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಲಾರದೆ, ಪಟರ್‌ನ ತುದಿಯಿಂದ ಮರಳು ಮುಟ್ಟಿ ಅದನ್ನೇ ಕಣ್ಣಿಗೊತ್ತಿಕೊಂಡಳು. ಆಮೇಲೆ ಬರಿಗಾಲಲ್ಲಿ ಬಾವುಟವನ್ನು ಸುತ್ತತೊಡಗಿದಳು, ಎತ್ತು ಮೇಟಿ ಸುತ್ತುವ ಹಾಗೆ ನಿಧಾನಕ್ಕೆ. ನಾನು ಪಕ್ಕದಲ್ಲೇ ಇನ್ನೊಂದು ಎತ್ತು.

ಒಂದು ಸುತ್ತು ಮುಗಿಸಿ ಹಿಂದೆ ತಿರುಗಿ ನೋಡಿದೆವು. ಎಣ್ಣೆ ಕುಡಿದ ಮರಳು ಏನನ್ನೂ ಮುಚ್ಚಿಡುವುದಿಲ್ಲ. ಅವಳ ಎಡಗಾಲು ಬಿದ್ದಲ್ಲೆಲ್ಲ ಐದು ಬೆರಳೂ ಮೂಡಿದ ಪೂರಾ ಹೆಜ್ಜೆ. ಬಲಗಾಲಿನದು ಹೆಜ್ಜೆಯಲ್ಲ, ಉದ್ದಕ್ಕೆ ಎಳೆದ ಗೀರು. ಮನೆಯ ಟೈಲ್ಸಿನ ಮೇಲೆ ಅದನ್ನು ನಾವು ಕಂಡಿರಲಿಲ್ಲ. ಅವಳು ಅಳುತ್ತಾಳೆ ಎಂದು ಹೆದರಿ ಅವಳ ಕೈ ಒತ್ತಿ ಹಿಡಿದೆ. ಅವಳು ನೋಡಿದಳು, ನೋಡಿದಳು, ‘ಥೂ, ಒಳ್ಳೆ ನೇಗ್ಲು ಹೊಡ್ದಂಗೈತೆ. ಅಳ್ಸಿ ಮೊದ್ಲು’ ಎಂದಳು. ಹಲಗೆ ಎಳೆದು ಅಳಿಸಿದೆ.

ಮರುದಿನ ಕೇಳದೆಯೇ ಹೊರಟಳು. ಅದೇ ರೂಢಿಯಾಯಿತು. ಬೆಳಗಾದರೆ ಕಾರು, ಕಣ, ಸುತ್ತು. ತಿರುಗಿ ಗೀರು ನೋಡುವುದು, ಹಲಗೆ ಎಳೆಯುವುದು. ಬ್ರೌನಿಗೆ ಹಾಕುತ್ತಿದ್ದದ್ದು ಗ್ಯಾರೇಜಿನ ಹಳೇ ಆಯಿಲ್ಲು. ಇಬ್ಬರ ಪಾದವೂ ಲಾರಿ ಕ್ಲೀನರ್‌ಗಳ ಪಾದದ ಹಾಗಾಗುತ್ತಿತ್ತು. ಮನೆಗೆ ಬಂದು ಬಚ್ಚಲಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದೆ. ‘ಗಂಡನ ಕೈಲಿ ಕಾಲು ತೊಳೆಸ್ಕೊಂಡು ಯಾವ ನರಕಕ್ಕೆ ಹೋಯ್ತೀನೋ’ ಎಂದು ಮೊದಮೊದಲು ಕಾಲು ಎಳೆದುಕೊಳ್ಳುತ್ತಿದ್ದಳು. ಆಮೇಲಾಮೇಲೆ, ‘ಹಿಮ್ಮಡಿ ಬುಟ್ಬುಟ್ರಿ ನೋಡಿ’ ಎಂದು ತಿದ್ದುವ ಮಟ್ಟಕ್ಕೆ ಬಂದಳು. ಆ ಬಚ್ಚಲಲ್ಲಿ ನಾವು ಆಡಿದಷ್ಟು ಮಾತು ಮದುವೆಯಾದ ಹೊಸತರಲ್ಲೂ ಆಡಿರಲಿಲ್ಲ. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಹೀಗೆ ಬರೆಯಲು ಸಂಕೋಚವಾದರೂ ನಿಜ ಅದೇ.

ಗೀರು ಗಿಡ್ಡವಾಗುತ್ತಾ ಬಂತು. ಹಾಗಂತ ದಿನದಿನವೂ ಅಲ್ಲ. ಮಾಗಿಯ ಚಳಿ ಹಿಡಿದ ದಿನ ಕಾಲು ಮರಗಟ್ಟಿ ಮತ್ತೆ ಉದ್ದವಾಗುತ್ತಿತ್ತು. ಅಂಥ ಒಂದು ದಿನ ಸಿಟ್ಟು ನೆತ್ತಿಗೇರಿ ಪಟರ್ ಬೀಸಿ ಎಸೆದಳು. ಅದು ನಾನು ಯಾವತ್ತೂ ಹೊಡೆದದ್ದಕ್ಕಿಂತ ನೆಟ್ಟಗೆ ಹೋಗಿ ಬಿತ್ತು. ‘ನಿನಗೆ ಆಟ ಬರುತ್ತೆ ಕಣೇ’ ಎಂದೆ. ನಗು ಬಂದರೂ ನಗದೆ, ಅಲ್ಲೇ ಅಂಚಿನಲ್ಲಿ ಕೂತು, ‘ಇಷ್ಟೇ ಅನ್ಸತ್ತೆ ಇದು ಬರೋದು. ಕುದೂರ್ಗೆ ಫೋನ್ ಮಾಡಿ ಹೇಳ್ಬುಡಿ, ಅತ್ತೆ ಬರಲ್ಲ ಅಂತ’ ಎಂದಳು. ನಾನು ಫೋನ್ ಮಾಡಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಸಂಕ್ರಾಂತಿ ಆಸುಪಾಸು ಇರಬೇಕು. ಒಂದು ಬೆಳಿಗ್ಗೆ ಅವಳ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಇತ್ತು. ತಿಂಡಿ ಇರಬಹುದೆಂದು ನಾನು ಕೇಳಲಿಲ್ಲ. ಅಷ್ಟರಲ್ಲಾಗಲೇ ಅವಳು ನನ್ನ ಕೈ ಇಲ್ಲದೆ ಪಟರ್ ಒಂದನ್ನೇ ನಂಬಿ ಸುತ್ತುತ್ತಿದ್ದಳು. ಅವಳನ್ನು ಬ್ರೌನಿನ ಮೇಲೆ ಬಿಟ್ಟು ನಾನು ಜಗಲಿಗೆ ಹೋಗಿ ಕಾವಲಿನವನ ಜೊತೆ ಟೀ ಕುಡಿಯುತ್ತಾ ನಿಂತೆ. ಆ ದಿನ ಏನೋ ಸ್ಪರ್ಧೆಯಂತೆ, ಆಟ ಬೇಗ ಶುರುವಾಗಿತ್ತು. ಅದು ನನಗೆ ತಿಳಿದಿರಲಿಲ್ಲ.

ಬಂಡೆಯ ಆಚೆಯಿಂದ ಒಂದು ಚೆಂಡು ಬಂದು ಬಿತ್ತು. ಪುಟಿದು, ಉರುಳಿ, ಬ್ರೌನಿನ ಮೇಲೆ ಹರಿದು ಬಾವುಟದ ಬುಡದಲ್ಲಿ ಏನಕ್ಕೋ ತಗುಲಿ ನಿಂತಿತು. ನಾನು ಲೋಟ ಇಟ್ಟು ಓಡಿದೆ. ಹತ್ತಿರ ಹೋದಾಗ ಕಂಡಿತು. ಬಾವುಟದ ಬುಡದಲ್ಲಿ ಸಗಣಿಯ ಬೆನಕ! ತಲೆಗೆ ಗರಿಕೆ, ಪಕ್ಕದಲ್ಲಿ ಎರಡು ಹುಚ್ಚೆಳ್ಳು ಹೂವು. ಸುಗ್ಗಿಯಲ್ಲಿ ಕಣಕ್ಕೆ ಬೆನಕನಿಟ್ಟು ಪೂಜೆ ಮಾಡದೆ ಯಾರಾದರೂ ಕಾಲಿಡುತ್ತಾರೆಯೇ? ಪಕ್ಕದ ಬೀದಿಯ ಹಸುವಿನ ಮನೆಯಿಂದ ಯಾರ ಕೈಲೋ ಸಗಣಿ ತರಿಸಿ, ಹಿಂದಿನ ದಿನವೇ ಬಲಗೈಯಲ್ಲಿ ಹಿಸುಕಿ ಹಿಸುಕಿ ತಾನೇ ಮಾಡಿದ್ದಾಳೆ. ಹಿಡಿತವಿಲ್ಲದ ಬೆರಳಲ್ಲಿ ಮಾಡಿದ್ದರಿಂದ ಬೆನಕ ಒಂದು ಕಡೆಗೆ ವಾಲಿದ್ದ.

ಅಷ್ಟು ಹೊತ್ತಿಗೆ ಬಂಡೆ ಸುತ್ತಿಕೊಂಡು ನಾಲ್ವರು ಬಂದೇಬಿಟ್ಟರು. ಮುಂದೆ ವಕೀಲರು. ನನ್ನ ಹೆಂಡತಿ ಸುತ್ತಿನ ಅರ್ಧದಲ್ಲಿದ್ದಳು. ಬರಿಗಾಲು, ಮೊಣಕಾಲ ತನಕ ಎತ್ತಿ ಸಿಕ್ಕಿಸಿದ ಸೀರೆ, ಬಿಚ್ಚಿಹೋದ ತುರುಬು, ಹಿಂದೆ ಮರಳಿನ ಮೇಲೆ ಸಾಲಾಗಿ ಅವಳ ಗೀರುಗಳು. ಏನೇನು ಯಾರ ಕಣ್ಣಿಗೂ ಬೀಳಬಾರದೆಂದು ಇಷ್ಟು ತಿಂಗಳು ಅಡಗಿಸಿಕೊಂಡಿದ್ದಳೋ ಅದೆಲ್ಲವೂ ಹಗಲು ಬೆಳಕಲ್ಲಿ ನಾಲ್ಕು ಜನ ಗಂಡಸರ ಮುಂದೆ ಇತ್ತು. ಅವಳು ಕಲ್ಲಾಗಿ ನಿಂತಳು. ಮುಗಿಯಿತು, ಇನ್ನು ಇವಳು ಮನೆ ಬಿಟ್ಟು ಬರುವುದಿಲ್ಲ ಎಂದುಕೊಂಡೆ. ನಾನು ಬ್ರೌನಿಗೆ ಕಾಲಿಡುವುದರಲ್ಲಿದ್ದೆ, ಆಗ ವಕೀಲರು ನಿಲ್ಲಿ ಎಂಬಂತೆ ಕೈ ಎತ್ತಿದರು, ನನಗೂ ಸೇರಿಸಿ.

ಗಾಲ್ಫಿನಲ್ಲಿ ಒಂದು ಮರ್ಯಾದೆಯಿದೆ. ಗುಳಿಯ ಹತ್ತಿರ ಒಬ್ಬರು ಆಡುತ್ತಿರುವಾಗ ಉಳಿದವರು ಅಂಚಿನಲ್ಲಿ ನಿಲ್ಲಬೇಕು, ಮಾತಾಡಬಾರದು, ಅಲ್ಲಾಡಬಾರದು. ನಾಲ್ವರೂ ಹಾಗೇ ನಿಂತರು. ಒಬ್ಬರು ಗಡಿಯಾರ ನೋಡಿ ಏನೋ ಗೊಣಗಿದರು, ವಕೀಲರು ತಿರುಗಿ ನೋಡಿದ್ದಕ್ಕೆ ಸುಮ್ಮನಾದರು. ಬೆಳಗಿನ ಬಿಸಿಲಿಗೆ ವಕೀಲರ ನೆರಳು ಉದ್ದವಾಗಿ ಬ್ರೌನಿನ ಮೇಲೆ, ಅವಳ ದಾರಿಗೆ ಅಡ್ಡ ಬಿದ್ದಿತ್ತು. ಅದನ್ನು ಕಂಡ ಅವರು ಸದ್ದಿಲ್ಲದೆ ಪಕ್ಕಕ್ಕೆ ಸರಿದು ನೆರಳು ತೆಗೆದುಕೊಂಡರು.

ಅವಳು ಅವರನ್ನು ನೋಡಿದಳು. ಒಬ್ಬೊಬ್ಬರನ್ನೂ ನೋಡಿದಳು. ಯಾರ ಬಾಯಲ್ಲೂ ಪಾಪ ಬರಲಿಲ್ಲ, ಯಾರೂ ಕೈ ಹಿಡಿಯಲು ಬರಲಿಲ್ಲ. ಆಮೇಲೆ ಪಟರ್ ಊರಿ ಎಡಗಾಲು ಇಟ್ಟಳು, ಬಲಗಾಲು ತಂದಳು. ಇಡೀ ಬಯಲು ಅವಳು ಆ ಸುತ್ತು ಮುಗಿಸಲಿ ಎಂದು ಕಾಯಿತು.

‘ಆಯ್ತಾ ತಾಯಿ? ನಾವು ಬರಬಹುದಾ?’ ವಕೀಲರು ಕೇಳಿದರು.

‘ಇನ್ನೊಂದು ಸುತ್ತೈತೆ’ ಎಂದಳು ನನ್ನ ಹೆಂಡತಿ.

ಅವರು ಇನ್ನೊಂದು ಸುತ್ತೂ ನಿಂತರು. ಮುಗಿಸಿ ಅಂಚಿಗೆ ಬಂದು, ತುರುಬು ಎಡಗೈಯಲ್ಲೇ ಒತ್ತಿ ಸರಿಮಾಡಿಕೊಂಡು, ‘ಈಗ ಆಡಿ. ಬೆನಕನ್ನ ಮಾತ್ರ ಕದಲುಸ್ಬೇಡಿ, ಕಣದ್ ಪೂಜೆ ಆಗೈತೆ. ಮೆಟ್ಟು ಬಿಚ್ಚಿ ಹೋಗಿ’ ಎಂದಳು. ವಕೀಲರು ತಮ್ಮ ಶೂ ನೋಡಿಕೊಂಡರು, ಬೆನಕನನ್ನು ನೋಡಿದರು. ಕಾಲರ್ ಇಲ್ಲದವರನ್ನು ಗೇಟಿಂದ ಓಡಿಸಿದ ಆ ಮನುಷ್ಯ ಬಗ್ಗಿ ಲೇಸು ಬಿಚ್ಚಿದರು. ಬಂದು ನಿಂತ ಚೆಂಡು ಅವರದೇ. ಅದನ್ನು ಎತ್ತಿ ಒಂದು ಗೇಣು ಪಕ್ಕಕ್ಕಿಟ್ಟು, ಉಳಿದ ಮೂವರಿಗೆ ಗಂಭೀರವಾಗಿ, ‘ಇದು ಕದಲಿಸಲಾಗದ ಅಡಚಣೆ. ಚೆಂಡು ಸರಿಸಿದ್ದಕ್ಕೆ ದಂಡ ಇಲ್ಲ’ ಎಂದು ತೀರ್ಪು ಕೊಟ್ಟರು. ಮುಂದಿನ ವಾರ ಕಮಿಟಿಯಲ್ಲಿ ಯಾರೋ ಸಗಣಿ ವಿಷಯ ಎತ್ತಿದಾಗಲೂ ಅವರು ಆ ತೀರ್ಪು ಬದಲಿಸಲಿಲ್ಲವಂತೆ.

ಊರು ಹತ್ತಿರವಾದಾಗ ಕಾರಿನಲ್ಲಿ ಅವಳೇ ಕೇಳಿದಳು.

‘ಆ ವಕೀಲ್ರು ನನ್ ಕಾಲು ನೋಡಿದ್ರಾ?’

‘ನೋಡಿರಬೇಕು.’

‘ಏನೂ ಅನ್ನಲಿಲ್ಲ.’

‘ಆಡುವಾಗ ಮಾತಾಡಬಾರದು. ನಿಯಮ.’

‘ಒಳ್ಳೆ ನಿಯಮ ಕಣ್ರೀ. ನಮ್ ಬೀದೀಲೂ ಒಂದು ಬೋರ್ಡ್ ಹಾಕ್ಸಿ.’

ಬೀದಿಯ ತಿರುವು ಬಂದಾಗ ಕಾರು ನಿಲ್ಲಿಸಲು ಹೇಳಿದಳು. ಇಳಿದು ನಡೆದೇ ಹೊರಟಳು. ಗೂಡಿನಿಂದ ನೂಲು ತೆಗೆಸುವ ಪಕ್ಕದ ಮನೆಯ ರೇಷ್ಮೆ ರೀಲರ್ ಸಾಹೇಬರು ಬಾಗಿಲಲ್ಲಿ ಕೂತಿದ್ದವರು ಎದ್ದು ನಿಂತು, ‘ಬಂದ್ರಾ ಅಮ್ಮ, ಬೋತ್ ದಿನ ಆಯ್ತು ನೋಡಿ’ ಎಂದರು. ಎದುರು ಮನೆಯಾಕೆ ಬಾಯಿ ತೆರೆಯುವ ಮೊದಲೇ ಇವಳು, ‘ಸಗಣಿ ಒಸಿ ಜಾಸ್ತಿ ಕೊಡಕ್ಕೆ ಹೇಳಿ ಆ ಹಸಿನ್ ಮನೆಯೋರ್ಗೆ’ ಎಂದು ಕೆಲಸ ಹಚ್ಚಿದಳು. ಕಾರನ್ನು ನಡಿಗೆಯ ವೇಗದಲ್ಲಿ ಹಿಂದೆ ತರುತ್ತಿದ್ದ ನನ್ನನ್ನು ನೋಡಿ ಜನ ಏನೆಂದುಕೊಂಡರೋ.

ಆ ಬ್ರೌನ್ ಈಗಿಲ್ಲ. ಹೋದ ಮಳೆಗಾಲದಲ್ಲಿ ಅದನ್ನೂ ಅಗೆದು ಹುಲ್ಲು ಹಾಕಿದರು. ನನಗೆ ಸಂಕಟವಾಯಿತು, ಹೇಳಿದರೆ ಅವಳೂ ನೊಂದುಕೊಳ್ಳುತ್ತಾಳೆ ಎಂದು ಕೆಲವು ದಿನ ಮುಚ್ಚಿಟ್ಟೆ. ತಿಳಿದಾಗ ಅವಳು, ‘ಸುಗ್ಗಿ ಮುಗುದ್ ಮೇಲೆ ಕಣ ಉತ್ತು ಬಿತ್ತನೆ ಹಾಕೋದೇ ತಾನೆ, ಅದಕ್ಯಾಕೆ ಮುಖ ಸಪ್ಪಗೆ ಮಾಡ್ತೀರಿ’ ಎಂದು ಸೊಪ್ಪು ಬಿಡಿಸುತ್ತಾ ಕೂತಳು. ಎಡಗೈಯಲ್ಲೇ, ಆದರೆ ಬಲಗೈ ದಂಟು ಹಿಡಿದುಕೊಟ್ಟಿತ್ತು.

ಮದುವೆಯ ವಿಷಯಕ್ಕೆ ಬರುತ್ತೇನೆ. ಬ್ರೌನ್ ಇನ್ನೂ ಇದ್ದ ಆ ಬೇಸಿಗೆಯಲ್ಲಿ, ಮದುವೆಯ ಹಿಂದಿನ ದಿನ, ಅವಳೇ ರೇಷ್ಮೆ ಸೀರೆ ಮಂಚದ ಮೇಲೆ ತೆಗೆದಿಟ್ಟಳು. ನಾನು ಅಟ್ಟದಿಂದ ಬ್ಯಾಗು ಇಳಿಸಿದೆ. ಬಾಯಿ ಬಿಟ್ಟರೆ ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂಬ ಭಯ. ಕಾರು ಕೆಟ್ಟು ಗ್ಯಾರೇಜಿನಲ್ಲಿತ್ತು. ಬಸ್ಸಲ್ಲೇ ಹೋಗೋಣ ಎಂದಳು. ಪಟರ್ ತರಲು ಹೋದರೆ, ‘ಮದ್ವೆ ಮನೆಗೆ ದೊಣ್ಣೆ ಹಿಡ್ಕೊಂಡು ಹೋಗಕ್ಕಾಯ್ತದಾ’ ಎಂದು ಅದನ್ನು ಬಾಗಿಲ ಹಿಂದೆ ನಿಲ್ಲಿಸಿದಳು. ಮಾಗಡಿಯಲ್ಲಿ ಬಸ್ಸು ಬದಲಿಸಿ ಕುದೂರಿಗೆ ಹೋದೆವು. ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡಿದ್ದೆ.

ಕುದೂರು ಸ್ಟ್ಯಾಂಡಿನಲ್ಲಿ ಇಳಿಸಿದೆ. ಚೌಟ್ರಿಗೆ ಒಂದಷ್ಟು ದೂರ ನಡೆಯಬೇಕು. ಸ್ಟ್ಯಾಂಡಿನಲ್ಲಿ ಹೂವು ಮಾರುವವರು, ಟೀ ಅಂಗಡಿಯ ಮುಂದೆ ಕೂತ ಗಂಡಸರು, ಬಸ್ಸಿಗೆ ಕಾಯುತ್ತಿದ್ದ ಹೆಂಗಸರು, ಅರ್ಧ ಜನ ಅವಳನ್ನು ಲಂಗ ಹಾಕಿದ್ದ ಕಾಲದಿಂದ ಬಲ್ಲವರು. ಎಲ್ಲರೂ ತಿರುಗಿ ನೋಡಿದರು. ಅವಳ ಮೊಣಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅವಳು ನಿಂತಳು.

‘ಕೈ ಬುಡ್ರೀ.’

‘ಬಿದ್ದೀಯ ಕಣೇ.’

‘ಬಿದ್ರೆ ಏಳ್ತೀನಿ. ತೌರೂರ್ನಲ್ಲಿ ಗಂಡನ್ ಕೈ ಹಿಡ್ಕೊಂಡು ಮೆರೀತಾಳೆ ಅಂತ ಜನ ಆಡ್ಕೊಂಡು ನಗಕಿಲ್ವಾ? ನಾಚ್ಕೆ ಬ್ಯಾಡ್ವಾ ನಿಮ್ಗೆ, ಈ ವಯಸ್ನಲ್ಲಿ?’

ಅವಳ ಕೆನ್ನೆ ನಿಜವಾಗಿಯೂ ಕೆಂಪಾಗಿತ್ತು. ಇಷ್ಟು ತಿಂಗಳು ಅವಳಿಗೆ ತನ್ನ ಕಾಲಿನ ನಾಚಿಕೆಯಿತ್ತು. ಈಗ ಆ ಬಸ್ ಸ್ಟ್ಯಾಂಡಿನ ನಡುವೆ ಅವಳು ನಾಚುತ್ತಿದ್ದದ್ದು ನಾನು ಕೈ ಹಿಡಿದದ್ದಕ್ಕೆ, ಮದುವೆಯಾಗಿ ಮೊದಲ ಸಲ ಇದೇ ಊರಿಗೆ ಬಂದಾಗ ನಾಚಿದ್ದ ಹಾಗೆ. ನಾನು ಕೈ ಬಿಟ್ಟೆ. ಅವಳು ಸೆರಗು ಸರಿಮಾಡಿಕೊಂಡು, ಬಲಗಾಲನ್ನು ಒಂಚೂರು ಧೂಳಲ್ಲಿ ಎಳೆಯುತ್ತಾ, ಹೂವಿನವಳನ್ನು ‘ಎಂಗಿದ್ದೀಯೇ’ ಎಂದು ಜೋರಾಗಿ ಕೂಗುತ್ತಾ ಮುಂದೆ ನಡೆದಳು. ನಾನು ಬ್ಯಾಗು ಎತ್ತಿಕೊಂಡು ಹಿಂದೆ ಹೊರಟೆ. ಬರಿದಾದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಜೇಬಿಗೆ ಹಾಕಿದೆ, ಕಣ್ಣು ಒರೆಸಿಕೊಳ್ಳಲು ಮತ್ತೆ ತೆಗೆಯಬೇಕಾಯಿತು.